ಮುನೀರಾ ಆಪಾಳ ಪಾಸ್‌ಪೋರ್ಟು ಬಂದಿತ್ತು

ಶಬಾನಾ, ನಿನ್ನ ಅಮ್ಮಿಯ ಪಾಸ್‌ಪೋರ್ಟು ಬಂದಿತ್ತು. ನಿನ್ನ ಚೊಚ್ಚಲ ಹೆರಿಗೆಗೆ ಇನ್ನೂ ಸಾಕಷ್ಟು ಸಮಯವಿದ್ದಾಗಲೇ ಬಂದಿತ್ತು. ಬಂದಿಲ್ಲ ಎಂದು ಅವಳಿಗೆ ಹೇಳಿದವಳು ನಾನು. ಒಂದು ಸಲವಲ್ಲ, ಅವಳು ಕೇಳಿದಾಗಲೆಲ್ಲ ಹೇಳಿದೆ. ನಿನ್ನ ಅಮ್ಮಿ ನಿನಗೆ ಸುಳ್ಳು ಹೇಳಲಿಲ್ಲ. ನಾನು ಹೇಳಿದ ಸುಳ್ಳನ್ನು ನಿಜವೆಂದು ನಂಬಿ ನಿನಗೆ ಹೇಳಿದಳು, ಅಷ್ಟೇ ಅವಳು ಮಾಡಿದ ತಪ್ಪು.

ಇಷ್ಟನ್ನು ಮೊದಲಿಗೇ ಬರೆದುಬಿಟ್ಟೆ. ನನ್ನ ಬುದ್ಧಿ ನನಗೆ ಗೊತ್ತು — ಕ್ಷೇಮ ಸಮಾಚಾರದಿಂದ ಶುರು ಮಾಡಿದ್ದರೆ ಇಲ್ಲಿಯ ಬಿಸಿಲು, ಅಲ್ಲಿಯ ಮಳೆ, ನನ್ನ ಮೊಣಕಾಲು ನೋವು ಎಂದು ಊರೆಲ್ಲ ಸುತ್ತಿ ಕೊನೆಗೆ ‘ಆರೋಗ್ಯ ನೋಡಿಕೋ’ ಎಂದು ಮುಗಿಸಿಬಿಡುತ್ತಿದ್ದೆ. ನಿನ್ನೊಡನೆ ಹಾಗೆ ಮುಗಿಸಿದ ಫೋನುಗಳು ಎಷ್ಟೋ ಇವೆ. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಫೋನು ಹಿಡಿಯುತ್ತಿದ್ದೆ.

ನೀನು ನನ್ನ ಮುಖ ನೋಡಿದ್ದು ಫೋಟೋದಲ್ಲಿ ಮಾತ್ರ. ನಾನು ಗಿರಿಜಾ, ಕೊರಟಗೆರೆಯವಳು. ಮಸ್ಕತ್ತಿನ ರೂವಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿಯೊಂದಿದೆ. ಅಲ್ಲಿ ನಿನ್ನ ಅಮ್ಮಿಯ ಪಕ್ಕದ ಮಿಷನ್ನು ನನ್ನದಾಗಿತ್ತು, ಅಂಗಡಿಯ ಮೇಲಿನ ರೂಮಿನಲ್ಲಿ ಅವಳ ಪಕ್ಕದ ಮಂಚ ನನ್ನದಾಗಿತ್ತು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಊರವರ ‘ಅಯ್ಯೋ ಪಾಪ’ ಕೇಳಲಾರದೆ ಇಲ್ಲಿಗೆ ಬಂದವಳು ನಾನು. ಮಕ್ಕಳಿಲ್ಲ. ಫೋನಿನಲ್ಲಿ ನೀನು ನನ್ನನ್ನು ಖಾಲಾ ಎಂದು ಕರೆಯುತ್ತಿದ್ದೆ. ಖಾಲಾ ಎಂದರೆ ಚಿಕ್ಕಮ್ಮ ಎಂದು ಆಪಾ — ನಿನ್ನ ಅಮ್ಮಿಯನ್ನು ನಾನು ಕರೆಯುವುದು ಹಾಗೆ, ಅಕ್ಕ ಎಂದು — ತಿಳಿಸಿದ ದಿನ ನಾನು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಚಿಕ್ಕಮ್ಮ ಎನ್ನಿಸಿಕೊಂಡವಳು ಮಾಡುವ ಕೆಲಸವೇ ಇದು?

ಆಪಾ ಬರುವ ಮೊದಲು ಎರಡು ವರ್ಷ ಇಲ್ಲಿ ಒಬ್ಬಳೇ ಇದ್ದೆ. ಒಬ್ಬಳೇ ಎಂದರೆ — ಅಂಗಡಿಯ ತುಂಬ ಜನ ಇದ್ದರು. ಮಾಲೀಕರು, ಕಟಿಂಗ್ ಮಾಸ್ಟರು ಕೇರಳದವರು, ಗುಂಡಿ ಹಾಕುವ ಹುಡುಗಿಯರು ಬಾಂಗ್ಲಾದವರು, ಗಿರಾಕಿಗಳು ಅರಬ್ಬಿ ಹೆಂಗಸರು. ಎಲ್ಲರೊಡನೆ ನನ್ನ ಹರಕು ಮುರುಕು ಹಿಂದಿ. ಊರಿನಲ್ಲಿ ಬಾಯಿಬಡಕಿ ಎಂದು ಹೆಸರಾಗಿದ್ದವಳು ಇಲ್ಲಿ ಮೂಗಿಯಾಗಿಬಿಟ್ಟಿದ್ದೆ. ಕನ್ನಡ ಆಡಬೇಕೆಂದು ಬಾಯಿ ತುರಿಸಿದಾಗ ಮಿಷನ್ನಿನೊಡನೆ ಮಾತಾಡುತ್ತಿದ್ದೆ. ಹುಡುಗಿಯರು ನನ್ನನ್ನು ನೋಡಿ ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದರು.

ನಿನ್ನ ಅಮ್ಮಿ ಕೆಲಸಕ್ಕೆ ಬಂದ ಮೊದಲ ದಿನವೇ ಅವಳ ಮಿಷನ್ನಿನ ಸೂಜಿ ಮುರಿಯಿತು. “ಥೂ, ಇದ್ರ ಮನೆ ಹಾಳಾಗ!” ಎಂದಳು. ನಾನು ಹೊಲಿಯುತ್ತಿದ್ದುದನ್ನು ಬಿಟ್ಟು ಎದ್ದು ನಿಂತೆ.

“ಯಾವೂರಕ್ಕ ನಿಮ್ದು?”

“ಶಿರಾ ಕಣಮ್ಮ. ನಿಂದು?”

“ಕೊರಟಗೆರೆ.”

“ಯಾ ಅಲ್ಲಾ! ಪಕ್ಕದ್ ಮನೇವ್ಳೇ ಸಿಕ್ಬುಟ್ಯಲ್ಲೇ!”

ಶಿರಾಕ್ಕೂ ಕೊರಟಗೆರೆಗೂ ನಡುವೆ ಮಧುಗಿರಿ ಇದೆ, ಬಸ್ಸು ಬದಲಾಯಿಸಬೇಕು. ಆದರೆ ಸಮುದ್ರದ ಈಚೆ ನಿಂತು ನೋಡಿದರೆ ಅದು ಪಕ್ಕದ ಮನೆಯೇ. ಅವತ್ತು ಸಂಜೆ ಟೆರೇಸಿಗೆ ಕರೆದುಕೊಂಡು ಹೋಗಿ ರೂವಿಯ ಸುತ್ತ ನಿಂತಿರುವ ಬೋಳು ಕಲ್ಲಿನ ಬೆಟ್ಟಗಳನ್ನು ತೋರಿಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿ, “ಮಧುಗಿರಿ ಬೆಟ್ಟನ ಒಡ್ದು ಇಲ್ಲಿ ತಂದು ಸುರಿದವ್ರೆ ಕಣೇ” ಎಂದಳು. ಎರಡು ವರ್ಷದಿಂದ ದಿನಾ ನೋಡುತ್ತಿದ್ದ ಆ ಬೆಟ್ಟಗಳು ಅವತ್ತಿನಿಂದ ನನಗೆ ಅಷ್ಟು ಬೇರೆಯವಾಗಿ ಕಾಣಲಿಲ್ಲ.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ. ಶುಕ್ರವಾರ ಅಂಗಡಿಗೆ ರಜೆ. ಆಪಾ ನಮಾಜು ಮುಗಿಸಿ ಏಳುವ ಹೊತ್ತಿಗೆ ನಾನು ವಿಭೂತಿ ಹಚ್ಚಿಕೊಂಡು ಎಸರಿಗೆ ಇಟ್ಟಿರುತ್ತಿದ್ದೆ. ಮಲಯಾಳಿಗಳ ಅಂಗಡಿಯಲ್ಲಿ ರಾಗಿ ಹಿಟ್ಟು ಸಿಗುತ್ತಿತ್ತು. ಮುದ್ದೆ ತೊಳಸುವುದು ಅವಳು, ಕಟ್ಟುವುದು ನಾನು. ಅವಳ ಸಾರಿಗೆ ಮಾಂಸ, ನನ್ನ ಸಾರಿಗೆ ಹುರುಳಿಕಾಳು. ಮುದ್ದೆ ಮಾತ್ರ ಒಂದೇ. “ನಿನ್ ಪಾತ್ರೆ ನಾನ್ ಮುಟ್ಟಿಲ್ಲಮ್ಮ ಸ್ವಾಮೇರೇ” ಎಂದು ರೇಗಿಸುತ್ತಿದ್ದಳು. ಉಂಡು ಮಲಗಿಕೊಂಡು ಊರಿನ ಮಾತು. ಯಾರ ಮನೆಯ ಮದುವೆ, ಯಾವ ಬಸ್ಸಿನ ಕಂಡಕ್ಟರು ಯಾರಿಗೆ ಬೈದ, ನಮ್ಮಲ್ಲಿ ಹೀಗೆ, ನಿಮ್ಮಲ್ಲಿ ಹಾಗೆ. ಹೇಳಿದ್ದನ್ನೇ ಮತ್ತೆ ಹೇಳಿದರೂ ಕೇಳುವವರು ಒಬ್ಬರಿದ್ದರು. ನನ್ನ ಬದುಕಿನಲ್ಲಿ ಅಷ್ಟು ಸುಖವಾಗಿ ನಾನು ಯಾರೊಡನೆಯೂ ಇದ್ದಿಲ್ಲ ಶಬಾನಾ, ಕಟ್ಟಿಕೊಂಡ ಗಂಡನೊಡನೆಯೂ ಇದ್ದಿಲ್ಲ.

ಪಾವಗಡದ ನಿನ್ನ ಅತ್ತೆ ಮನೆಯಿಂದ ನೀನು ಬಸುರಿ ಎಂಬ ಸುದ್ದಿ ಬಂದ ದಿನ ಆಪಾ ಅಂಗಡಿಗೆಲ್ಲ ಖರ್ಜೂರ ಹಂಚಿದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅದು ನಿಮ್ಮಲ್ಲೂ ಹೌದು, ನಮ್ಮಲ್ಲೂ ಹೌದು. ನಿನ್ನ ಅಪ್ಪ ಹೋದ ಮೇಲೆ ತವರು ಎಂದರೆ ಅಮ್ಮಿ ಒಬ್ಬಳೇ. ಶಿರಾದ ಮನೆಗೆ ಬೀಗ ಹಾಕಿತ್ತು. ಅವಳು ಬಂದು ಬೀಗ ತೆಗೆಯುವುದು, ಆಮೇಲೆ ನಿನ್ನನ್ನು ಕರೆತರುವುದು ಎಂದು ಮಾತಾಗಿತ್ತು. ಅದಕ್ಕೆ ಅಡ್ಡವಾಗಿದ್ದದ್ದು ಒಂದೇ — ಅವಳ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಾ ಬಂದಿತ್ತು. ಹೊಸದು ಕೈಗೆ ಬಾರದೆ ಹೊರಡುವಂತಿರಲಿಲ್ಲ.

ನವೀಕರಣದ ಕೆಲಸವನ್ನೆಲ್ಲ ಮಾಡಿದವಳು ನಾನೇ. ಅವಳಿಗೆ ಉರ್ದು ಬಿಟ್ಟರೆ ಬೇರೆ ಓದಲು ಬಾರದು. ಪಿಯುಸಿಯವರೆಗೆ ಓದಿದವಳೆಂಬ ಜಂಭ ನನಗೆ. ಫೋಟೋ ತೆಗೆಸಲು ಹೋದಾಗ ಅಂಗಡಿಯವನು ನಗಬೇಡಿ, ನಗಬೇಡಿ ಎಂದು ಬೇಡಿಕೊಂಡರೂ ಅವಳಿಗೆ ತಡೆಯಲಾಗಲಿಲ್ಲ. “ಅಜ್ಜಿ ಆಗ್ತಿದೀನಿ ಕಣೇ ಗಿರಿ, ಹೆಂಗೆ ಮುಖ ಗಂಟಿಕ್ಕಲಿ?” ಮತ್ತೊಂದು ಸಲ ತೆಗೆಸಬೇಕಾಯಿತು. ಫೋನ್ ನಂಬರು ಕೇಳುವ ಜಾಗ ಬಂದಾಗ ಅವಳ ನಂಬರನ್ನೇ ಹಾಕಲು ಹೊರಟೆ. ಅವಳೇ ತಡೆದಳು.

“ನಿನ್ ನಂಬರ್ರೇ ಹಾಕು. ನನ್ ಫೋನಿಗೆ ಇಂಗ್ಲೀಷ್ನಾಗೆ ಮೆಸೇಜ್ ಬಂದ್ರೆ ಪಾಸ್‌ಪೋರ್ಟ್ ಬಂತೋ, ಲಾಟ್ರಿ ಹೊಡೀತೋ, ನಂಗೇನ್ ಗೊತ್ತಾಗ್ತದೆ?”

ಇಬ್ಬರೂ ನಕ್ಕೆವು. ನನ್ನ ನಂಬರು ಹಾಕಿದೆ. ಪಾಸ್‌ಪೋರ್ಟ್ ಸೆಂಟರಿನವರು ಹಳೆಯ ಪಾಸ್‌ಪೋರ್ಟನ್ನು ತೆಗೆದುಕೊಂಡು, ಹೊಸದು ಬಂದಾಗ ಮೆಸೇಜು ಕಳಿಸುತ್ತೇವೆ, ಆಗ ಬನ್ನಿ ಎಂದರು.

ಆ ಮೆಸೇಜು ಬಂದದ್ದು ಒಂದು ಮಧ್ಯಾಹ್ನ, ಅಂಗಡಿಯಲ್ಲಿ. ಯಾರದೋ ಮದುವೆಯ ಹಸಿರು ಬಟ್ಟೆಗೆ ನಾನು ಅಂಚು ಮಡಿಸುತ್ತಿದ್ದೆ. ಫೋನು ತೊಡೆಯ ಮೇಲಿತ್ತು. ಓದಿದೆ. ‘ಆಪಾ, ಬಂತು’ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು — ನಿಜವಾಗಿಯೂ ಇತ್ತು, ನಂಬುವುದಾದರೆ ನಂಬು. ಅಷ್ಟರಲ್ಲಿ ಅವಳು ತನ್ನ ಪಾಡಿಗೆ ದಾರ ಪೋಣಿಸುತ್ತಾ ಹೇಳಿದಳು:

“ಈ ಸಲ ಹೋದ್ರೆ ವಾಪಸ್ ಬರಲ್ಲ ಕಣೇ ಗಿರಿ. ಮೊಮ್ಮಗೂನ ಆಡಿಸ್ಕಂಡು ಅಲ್ಲೇ ಇದ್ಬುಡ್ತೀನಿ. ಸಾಕಾಯ್ತು ಈ ಮಿಷನ್ ಸದ್ದು.”

ನಾನು ಫೋನನ್ನು ಮಗುಚಿ ಇಟ್ಟೆ.

“ಯಾರ್ದೇ ಮೆಸೇಜು?”

“ಕಂಪನೀದು ಆಪಾ. ರೀಚಾರ್ಜ್ ಮಾಡಿ ಅಂತ.”

ಶುಕ್ರವಾರ ಹೇಳೋಣ ಎಂದುಕೊಂಡೆ. ಇನ್ನೊಂದು ಶುಕ್ರವಾರ ಜೊತೆಯಾಗಿ ಮುದ್ದೆ ಉಂಡು ಆಮೇಲೆ ಹೇಳಿದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡೆ. ಶುಕ್ರವಾರ ಬಂತು. ಅವಳು ಅವತ್ತು ಬಹಳ ಖುಷಿಯಲ್ಲಿದ್ದಳು, ನಿನ್ನ ಬಾಲ್ಯದ ತುಂಟತನಗಳನ್ನೆಲ್ಲ ಹೇಳಿ ನಗಿಸಿದಳು. ಹೇಳಲಿಲ್ಲ. ಆಮೇಲೆ ಹೇಳುವುದಕ್ಕೇ ದಾರಿಯಿಲ್ಲದಂತಾಯಿತು — ‘ಅವತ್ತೇ ಬಂದಿತ್ತಾ, ಯಾಕೆ ಹೇಳಲಿಲ್ಲ’ ಎಂದರೆ ಏನೆನ್ನಲಿ? ಒಂದು ದಿನದ ಸುಳ್ಳನ್ನು ಮುಚ್ಚಲು ಇನ್ನೊಂದು ದಿನ ಬೇಕಾಯಿತು, ಅದನ್ನು ಮುಚ್ಚಲು ಮತ್ತೊಂದು.

ಒಂಟಿತನದಿಂದ ಮಾಡಿದೆ ಎಂದು ಬರೆಯಬಹುದು. ನಿಜವೂ ಹೌದು. ಆದರೆ ಈ ಊರಿನಲ್ಲಿ ಒಂಟಿಯಾಗಿರುವ ಹೆಂಗಸರು ಎಷ್ಟೋ ಜನ ಇದ್ದಾರೆ, ಅವರೆಲ್ಲ ಪಕ್ಕದವಳ ಪಾಸ್‌ಪೋರ್ಟು ಮುಚ್ಚಿಡುವುದಿಲ್ಲ. ನನಗೆ ಅವಳು ಬೇಕಾಗಿದ್ದಳು, ನಿನಗೆ ಬೇಕೆಂಬುದು ಗೊತ್ತಿತ್ತು, ಗೊತ್ತಿದ್ದೇ ಇಟ್ಟುಕೊಂಡೆ. ನಿನ್ನದನ್ನು ನಾನು ಕದ್ದೆ.

“ಬಂತಾ?” ಎಂದು ಅವಳು ಬೆಳಿಗ್ಗೆ ಕೇಳುತ್ತಿದ್ದಳು, ಸಂಜೆ ಕೇಳುತ್ತಿದ್ದಳು. ‘ಇಲ್ಲ ಆಪಾ’ ಎನ್ನುತ್ತಿದ್ದೆ. ಅಂಗಡಿಯಲ್ಲಿ ಉಳಿದ ರೇಷ್ಮೆ ತುಂಡುಗಳನ್ನು ಸೇರಿಸಿ ಅವಳು ನಿನ್ನ ಮಗುವಿಗೆ ಕುಲಾವಿ ಹೊಲಿಯುತ್ತಿದ್ದಳು. ಅವಳ ಕಣ್ಣು ಆಗಲೇ ಮಂಜಾಗುತ್ತಿತ್ತು, ಸಣ್ಣ ಹೊಲಿಗೆ ಕಾಣುತ್ತಿರಲಿಲ್ಲ. ಅಂಚು ನಾನು ಹೊಲಿದುಕೊಡುತ್ತಿದ್ದೆ. ಬಂದ ಪಾಸ್‌ಪೋರ್ಟನ್ನು ಬಂದಿಲ್ಲ ಎನ್ನುತ್ತಲೇ ಕುಲಾವಿಗೆ ಅಂಚು ಹಾಕುತ್ತಿದ್ದೆ. ಒಂದು ಹೊಲಿಗೆಯೂ ತಪ್ಪಲಿಲ್ಲ.

ಒಂದು ದಿನ ಅವಳಿಗೆ ತಾಳ್ಮೆ ತಪ್ಪಿತು.

“ಇಷ್ಟ್ಯಾಕೆ ತಡ ಆಗ್ತಾ ಐತೆ? ನಾಳೆ ಅರ್ಧ ದಿನ ರಜಾ ಹಾಕಿ ನಾನೇ ಹೋಗಿ ಕೇಳ್ಬುಡ್ತೀನಿ.”

“ಬ್ಯಾಡ ಆಪಾ, ಮೆಸೇಜ್ ಇಲ್ದೆ ಒಳಕ್ಕೇ ಬಿಡಲ್ಲ. ಶಿರಾದಿಂದ ಪೊಲೀಸ್ ವೆರಿಫಿಕೇಶನ್ ಬರ್ಬೇಕಂತೆ. ಅದ್ಕೇ ತಡ.”

ಅದು ಎಲ್ಲಿಂದ ನನ್ನ ಬಾಯಿಗೆ ಬಂತೋ ಕಾಣೆ. ಯಾರೋ ಯಾರಿಗೋ ಹಾಗಾಯಿತೆಂದು ಹೇಳಿದ್ದು ಕಿವಿಗೆ ಬಿದ್ದಿತ್ತು. ಅವಳು ಪಾಪ, ನಂಬಿದಳು. ನಂಬಿ ನಿನಗೆ ಹೇಳಿದಳು. ನೀನು ಆ ತುಂಬಿದ ಹೊಟ್ಟೆ ಹೊತ್ತುಕೊಂಡು, ಯಾರಿಗೂ ಹೇಳದೆ, ಪಾವಗಡದಲ್ಲಿ ಬಸ್ಸು ಹತ್ತಿ ಶಿರಾದ ಸ್ಟೇಷನ್ನಿಗೆ ಹೋಗಿ ಕೇಳಿದೆ. ಅಲ್ಲಿಗೆ ಬಂದಿದ್ದರೆ ತಾನೇ ಅವರು ಬಂದಿದೆ ಎನ್ನುವುದು? ನಿನ್ನ ಅಮ್ಮಿಯ ಹೆಸರಿನಲ್ಲಿ ಏನೂ ಬಂದಿಲ್ಲ ಎಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ಬಸ್ಸು, ಆ ರಸ್ತೆ, ಬಿಸಿಲಿನಲ್ಲಿ ಕಾಯುತ್ತಾ ನಿಂತ ನೀನು — ನಾನು ಕಣ್ಣಾರೆ ನೋಡಿಲ್ಲ, ಆದರೂ ಕಾಣುತ್ತಲೇ ಇರುತ್ತದೆ.

ಅವತ್ತು ನೀನು ಅಮ್ಮಿಗೆ ಫೋನು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ನೀವಿಬ್ಬರೂ ಉರ್ದುವಿನಲ್ಲಿ ಆಡುವವರು. ಇಷ್ಟು ವರ್ಷ ಜೊತೆಗಿದ್ದು ನನಗೂ ಅರ್ಥವಾಗುತ್ತಿತ್ತು. ಬರಲು ಇಷ್ಟವಿಲ್ಲದಿದ್ದರೆ ಇಲ್ಲ ಎಂದುಬಿಡು, ಸುಳ್ಳು ಯಾಕೆ ಹೇಳುತ್ತೀ ಎಂದು ನೀನು ಕೇಳಿದೆ. ಅವಳು ಅಲ್ಲಾನ ಮೇಲೆ ಆಣೆ ಇಟ್ಟಳು. ನೀನು ಕೇಳಲಿಲ್ಲ. ಅವಳು ಅಳುತ್ತಾ ಫೋನನ್ನು ನನ್ನ ಕೈಗೆ ಕೊಟ್ಟಳು. “ನೀನೇ ಹೇಳೇ ಗಿರಿ. ನೀನು ಹೇಳಿದ್ರೆ ಕೇಳ್ತಾಳೆ.”

ನೆನಪಿದೆಯಾ ನಿನಗೆ? ನಾನು ಹೇಳಿದೆ, “ಹೌದು ಶಬಾನಾ, ಇಲ್ಲಿ ಅಂಗೇ ಹೇಳವ್ರೆ. ಅಮ್ಮೀದೇನೂ ತಪ್ಪಿಲ್ಲ ಕಣಮ್ಮ.”

“ನೀವೂ ಅವ್ರ ಕಡೇನೇ ಬುಡಿ ಖಾಲಾ” ಎಂದು ನೀನು ಫೋನು ಇಟ್ಟೆ.

ಮಾರನೆಯ ಬೆಳಿಗ್ಗೆ ನಾನೇ ಅವಳಿಗೆ ‘ಪಾಸ್‌ಪೋರ್ಟು ಬಂತು’ ಎಂದು ಹೇಳಿದೆ. ಈಗಷ್ಟೇ ಮೆಸೇಜು ಬಂತು ಎಂದು. ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು, ಡಬ್ಬಿಯಿಂದ ಸಕ್ಕರೆ ತೆಗೆದು ನನ್ನ ಬಾಯಿಗೆ ಹಾಕಿದಳು. ಆ ಸಕ್ಕರೆಯನ್ನು ನುಂಗಿದೆ.

ಸೆಂಟರಿನ ಕೌಂಟರಿನಲ್ಲಿದ್ದವನು ಹೊಸ ಪಾಸ್‌ಪೋರ್ಟನ್ನೂ, ಮೂಲೆ ಕತ್ತರಿಸಿದ ಹಳೆಯದನ್ನೂ ಮುಂದಿಡುತ್ತಾ ಹಿಂದಿಯಲ್ಲಿ ಕೇಳಿದ — ಇದು ಬಂದು ಎಷ್ಟೋ ದಿನವಾಯಿತು, ಮೆಸೇಜು ಆಗಲೇ ಕಳಿಸಿದ್ದೆವು, ಯಾಕೆ ಬರಲಿಲ್ಲ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ತಾನಾಗಿ ಕೈಚೀಲದಲ್ಲಿದ್ದ ಫೋನಿನ ಮೇಲೆ ಹೋಯಿತು. ಹಿಂದಿ ನನಗಿಂತ ಅವಳಿಗೇ ಚೆನ್ನಾಗಿ ಬರುತ್ತಿತ್ತು. ನನ್ನ ಕಡೆ ತಿರುಗಿದಳು.

“ಗಿರಿ?”

ಕೊರಳಲ್ಲಿದ್ದ ಲಿಂಗ ಮುಟ್ಟಿಕೊಂಡೆ. “ನಂಗೆ ಬಂದಿಲ್ಲ ಆಪಾ. ಶಿವನಾಣೆ.”

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. “ಹೋಗ್ಲಿ ಬುಡು. ಸಿಕ್ತಲ್ಲ” ಎಂದಳು. ನಂಬಿದಳೋ, ನಂಬಬೇಕೆಂದುಕೊಂಡಳೋ — ಅವತ್ತು ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಮುಂದಿನದು ನಿನಗೆ ಗೊತ್ತು. ನಾನು ಬರೆಯಬಾರದು. ಆದರೂ ಈ ಕಡೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಮಾಲೀಕರು ಅವಸರದಲ್ಲಿ ಟಿಕೆಟ್ ಮಾಡಿಸಿಕೊಟ್ಟಿದ್ದರು, ಮಾರನೆಯ ದಿನ ಹೊರಡಬೇಕು. ಪೆಟ್ಟಿಗೆ ತುಂಬುತ್ತಿದ್ದೆವು. ನಿನ್ನ ಮಾಮುವಿನ, ಆಪಾಳ ತಮ್ಮನ, ಫೋನು ಬಂತು. ಮಗು ಹೊಟ್ಟೆಯಲ್ಲೇ ಹೋಗಿದೆ, ತುಮಕೂರಿಗೆ ಕರೆತರುವಷ್ಟರಲ್ಲಿ ತಡವಾಗಿತ್ತು, ಶಬಾನಾ ಉಳಿದಿದ್ದಾಳೆ ಎಂದರು. ಆಪಾ ಅಳಲಿಲ್ಲ. ಪೆಟ್ಟಿಗೆಯಿಂದ ಕುಲಾವಿಗಳನ್ನು ಒಂದೊಂದಾಗಿ ತೆಗೆದು ನನ್ನ ಮಂಚದ ಮೇಲಿಟ್ಟಳು. “ಎಲ್ಲಾರ ಇಡೇ ಇವನ್ನ. ನನ್ ಕಣ್ಣಿಗೆ ಬೀಳ್ಬಾರ್ದು.” ಅವು ಇನ್ನೂ ನನ್ನ ಹತ್ತಿರವೇ ಇವೆ. ಎಸೆಯುವ ಹಕ್ಕು ನನಗಿಲ್ಲ.

ಅವಳು ಅಲ್ಲಿಗೆ ಬಂದಾಗ ನೀನು ಬಾಗಿಲು ಹಾಕಿಕೊಂಡೆ. ಬೇಕಾಗಿದ್ದಾಗ ಬರದವಳು ಈಗ ಯಾಕೆ ಬಂದಳು ಎಂದೆಯಂತೆ. ಅದಾಗಿ ಕೆಲವು ತಿಂಗಳ ಮೇಲೆ ನನಗೆ ಫೋನು ಮಾಡಿದೆ. ಅಮ್ಮಿಯ ಜೊತೆ ಮಾತಿಲ್ಲ, ನನ್ನ ಜೊತೆ ಇತ್ತು — ನೋಡು, ನ್ಯಾಯ ಹೇಗಿದೆ. ಆ ದಿನ ನೀನು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

“ಹಿಂದಿನ ದಿನದಿಂದ್ಲೇ ಮಗು ಆಡ್ತಿರ್ಲಿಲ್ಲ ಖಾಲಾ. ಅತ್ತೆ ಹತ್ರ ಹೇಳಕ್ಕೆ ನಾಚ್ಕೆ ಆಯ್ತು. ಇವ್ರಿಗೆ ತಿರುಮಣಿ ಸೋಲಾರ್ ಪಾರ್ಕ್ನಾಗೆ ಡ್ಯೂಟಿ ಇತ್ತು. ಅಮ್ಮಿ ಇದ್ದಿದ್ರೆ ಹೇಳ್ತಿದ್ದೆ.”

ಅಮ್ಮಿ ಇದ್ದಿದ್ದರೆ ಹೇಳುತ್ತಿದ್ದೆ. ಹೊಸ ಮನೆಗೆ ಹೋದ ಯಾವ ಹುಡುಗಿ ತಾನೇ ಅತ್ತೆಯ ಮುಂದೆ ಬಾಯಿ ಬಿಡುತ್ತಾಳೆ? ನಾನೂ ಬಿಟ್ಟಿರಲಿಲ್ಲ. ಅದಕ್ಕೇ ತಾನೇ ಹಿರಿಯರು ಚೊಚ್ಚಲಿಗೆ ತವರು ಎಂದು ಮಾಡಿದ್ದು, ತಾಯಿಯ ಮುಂದೆ ನಾಚಿಕೆಯಿಲ್ಲವೆಂದು. ಅವಳು ಇದ್ದಿದ್ದರೆ ಮಗು ಉಳಿಯುತ್ತಿತ್ತೋ ಏನೋ, ಡಾಕ್ಟರಿಗೂ ಗೊತ್ತಿಲ್ಲದ್ದು ನನಗೇನು ಗೊತ್ತು. ಆದರೆ ನೀನು ಹೇಳುತ್ತಿದ್ದೆ, ಅವಳು ಆ ಗಳಿಗೆಯಲ್ಲೇ ನಿನ್ನನ್ನು ಎಳೆದುಕೊಂಡು ಆಸ್ಪತ್ರೆಗೆ ಓಡುತ್ತಿದ್ದಳು. ಅಷ್ಟು ಗೊತ್ತು. ಅವತ್ತು ನಾನು ಏನೆಂದೆ? “ದೇವರಿಚ್ಛೆ ಕಣಮ್ಮ” ಎಂದೆ. ದೇವರ ತಲೆಗೆ ಕಟ್ಟಿ ಕೈ ತೊಳೆದುಕೊಂಡೆ.

ಆಮೇಲೆ ಆಪಾ ಇಲ್ಲಿಗೇ ವಾಪಸು ಬಂದಳು. ಆಡಿಸಲು ಮೊಮ್ಮಗುವಿಲ್ಲ, ಮಾತಾಡಲು ಮಗಳಿಲ್ಲ, ಶಿರಾದ ಮನೆಯಲ್ಲಿ ಕೂತು ಏನು ಮಾಡಲಿ ಎಂದಳು. ಅದೇ ಮಿಷನ್ನು, ಅದೇ ಮಂಚ. ನಾನು ಏನನ್ನು ಬಯಸಿದ್ದೆನೋ ಅದೇ ಆಯಿತು. ವರ್ಷಗಟ್ಟಲೆ ನನ್ನ ಪಕ್ಕದಲ್ಲೇ ಇದ್ದಳು. ಆದರೆ ಮುದ್ದೆ ತೊಳಸುವುದನ್ನು ಬಿಟ್ಟಳು, ಶಿರಾದ ಮಾತು ಬಿಟ್ಟಳು. ರಜೆಯ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ನಾನು ಏನಾದರೂ ಹೇಳಿದರೆ ಹೂಂ ಎನ್ನುತ್ತಿದ್ದಳು. ನಿನ್ನ ನಂಬರಿಗೆ ಫೋನು ಮಾಡಿ, ರಿಂಗಾಗಿ ನಿಂತ ಮೇಲೆ ಫೋನನ್ನು ಸೆರಗಿನಲ್ಲಿ ಒರೆಸಿ ದಿಂಬಿನ ಕೆಳಗಿಡುತ್ತಿದ್ದಳು. ಅದನ್ನೆಲ್ಲ ನೋಡುತ್ತಾ ನಾನು ಬಾಯಿ ಮುಚ್ಚಿಕೊಂಡಿದ್ದೆ. ಹೇಳಿದರೆ ಇಷ್ಟೂ ಹೋಗುತ್ತದಲ್ಲ ಎಂಬ ಹೆದರಿಕೆ. ಆ ಹೂಂ ಕೂಡ ನನಗೆ ಬೇಕಾಗಿತ್ತು.

ಕಣ್ಣು ಪೂರಾ ಮಂಜಾದ ಮೇಲೆ, ಹೋದ ವರ್ಷ, ಊರಿಗೆ ಹೋಗಿಬಿಟ್ಟಳು. ಅವಳ ಮಂಚದಲ್ಲಿ ಈಗ ನೇಪಾಳದ ಹುಡುಗಿಯೊಬ್ಬಳು ಮಲಗುತ್ತಾಳೆ. ಒಳ್ಳೆಯವಳು, ಕಿವಿಗೆ ವೈರು ಸಿಕ್ಕಿಸಿಕೊಂಡು ನಗುತ್ತಿರುತ್ತಾಳೆ.

ಈಚೆಗೆ ನನ್ನ ಪಾಸ್‌ಪೋರ್ಟಿನ ಸರದಿ ಬಂತು. ಒಬ್ಬಳೇ ಹೋಗಿ ಫೋಟೋ ತೆಗೆಸಿದೆ. ನಗಬೇಡಿ ಎಂದು ಹೇಳುವ ಅಗತ್ಯವೇ ಅವನಿಗೆ ಬೀಳಲಿಲ್ಲ. ತುರ್ತಿನಲ್ಲಿ ಯಾರಿಗೆ ತಿಳಿಸಬೇಕು ಎಂದು ಕೇಳುವ ಕಡೆ ಕೈ ನಿಂತಿತು. ಅಣ್ಣನ ಹೆಸರು ಬರೆಯಬಹುದಿತ್ತು. ಮುನೀರಾ, ಶಿರಾ ಎಂದು ಬರೆದೆ. ಹೋದ ವಾರ ಮೆಸೇಜು ಬಂತು, ಅದೇ ಇಂಗ್ಲೀಷು, ಅದೇ ಮಾತುಗಳು. ಅಂಗಡಿಯಲ್ಲಿ ಕೂತು ಓದಿದೆ. ಬಂತಾ ಎಂದು ಕೇಳುವವರು ಯಾರೂ ಇರಲಿಲ್ಲ. ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತೆ. ಕಟಿಂಗ್ ಮಾಸ್ಟರು ಬಂದು ಊರಲ್ಲಿ ಯಾರಾದರೂ ಹೋದರಾ ಎಂದು ವಿಚಾರಿಸಿದರು.

ಅದೇ ದಿನಗಳಲ್ಲಿ ಆಪಾಳ ಫೋನು ಬಂತು.

“ಶಬಾನಾಗೆ ಏಳ್ ತಿಂಗ್ಳಂತೆ ಕಣೇ ಗಿರಿ. ಅವ್ಳ ಮಾಮು ಹೇಳ್ದ. ನಂಗವ್ಳು ಹೇಳಿಲ್ಲ. ಅಲ್ಲೇ ಪಾವಗಡದಾಗೇ ಹೆರ್ತಾಳಂತೆ, ಅಮ್ಮಿ ಬರೋದ್ ಬ್ಯಾಡ ಅಂದವ್ಳಂತೆ.” ಆಮೇಲೆ, “ಮನೆಗೆ ಸುಣ್ಣ ಹೊಡ್ಸಿದೀನಿ. ಯಾಕ್ ಹೊಡ್ಸಿದ್ನೋ” ಎಂದಳು.

ಇಷ್ಟು ವರ್ಷಗಳ ಮೇಲೆ ನಿನ್ನ ಹೊಟ್ಟೆ ಮತ್ತೆ ತುಂಬಿದೆ. ಬಸುರಿಗೆ ಇಂಥದನ್ನೆಲ್ಲ ಹೇಳಬಾರದು ಎನ್ನುತ್ತಾರೆ. ಆ ಶಾಸ್ತ್ರವನ್ನೇ ಹಿಡಿದುಕೊಂಡು ಎರಡು ದಿನ ಸುಮ್ಮನಿದ್ದೆ — ಹೆರಿಗೆಯಾಗಲಿ, ಬಾಣಂತನ ಮುಗಿಯಲಿ, ಆಮೇಲೆ ಹೇಳೋಣ. ಶುಕ್ರವಾರ ಹೇಳೋಣ ಎಂದುಕೊಂಡವಳ ಬುದ್ಧಿಯೇ ಇದು ಎಂದು ಹೊಳೆದಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಾನು ಇನ್ನೊಂದು ಸಲ ತಡ ಮಾಡಿದರೆ ನೀನು ಇನ್ನೊಂದು ಸಲ ಅವಳಿಲ್ಲದೆ ಹೆರುತ್ತೀಯ.

ನಿನಗಿಂತ ಮೊದಲು ಅವಳಿಗೆ ಹೇಳಬೇಕೆನಿಸಿತು. ಅವಳಿಗೆ ಬರೆದರೆ ಬೇರೆ ಯಾರೋ ಓದಿ ಹೇಳಬೇಕಾಗುತ್ತದೆ. ಫೋನು ಮಾಡಿದೆ. ಮೆಸೇಜು, ರೀಚಾರ್ಜಿನ ಸುಳ್ಳು, ಪೊಲೀಸರ ಸುಳ್ಳು, ಶಿವನಾಣೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆ ಕಡೆಯ ಬೀದಿಯಲ್ಲಿ ಯಾರೋ ಸೊಪ್ಪು ಕೂಗಿಕೊಂಡು ಹೋಗುವುದು ಕೇಳಿಸಿತು, ಅದು ದೂರವಾಗುವುದೂ ಕೇಳಿಸಿತು. ಬೈಯಲಿ ಎಂದು ಕಾದೆ. ನಿನ್ನ ಮನೆ ಹಾಳಾಗ ಎನ್ನಲಿ, ಏನಾದರೂ ಎನ್ನಲಿ.

“ಅಷ್ಟು ವರ್ಷ ನನ್ ಪಕ್ಕದಾಗೇ ಮಲಗಿದ್ಯಲ್ಲೇ” ಎಂದಳು.

ಆಮೇಲೆ ಫೋನು ಇಟ್ಟಳು.

ಅವಳಿಗೆ ಗೊತ್ತಿರಲಿಲ್ಲ ಶಬಾನಾ. ಒಳಗೊಳಗೇ ಗೊತ್ತಿದ್ದೂ ನನ್ನನ್ನು ಕ್ಷಮಿಸಿರಬಹುದು ಎಂದು ಎಷ್ಟೋ ಸಲ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಅದೂ ಸುಳ್ಳೇ ಆಗಿತ್ತು. ಅವಳು ಶಿವನಾಣೆಯನ್ನು ಪೂರಾ ನಂಬಿದ್ದಳು.

ನಿನ್ನ ಹತ್ತಿರ ಕ್ಷಮೆ ಕೇಳುವುದಿಲ್ಲ. ಅದೂ ಒಂದು ಬೇಡುವುದೇ, ನಿನ್ನಿಂದ ತೆಗೆದುಕೊಂಡಿದ್ದು ಸಾಕು. ನನ್ನನ್ನು ಖಾಲಾ ಎನ್ನಬೇಡ, ನನ್ನ ನಂಬರನ್ನು ಅಳಿಸಿಹಾಕು, ಕುಲಾವಿಗಳು ಬೇಕೆಂದರೆ ಮಾತ್ರ ಒಂದು ಮಾತು ತಿಳಿಸು, ಕಳಿಸುತ್ತೇನೆ. ಆದರೆ ನಿನ್ನ ಅಮ್ಮಿಯನ್ನು ಕರೆಸಿಕೋ. ಇಲ್ಲವೇ ನೀನೇ ಶಿರಾಕ್ಕೆ ಹೋಗು. ಈ ಸಲ ಏನು ಅನ್ನಿಸಿದರೂ, ಸಣ್ಣದೆನಿಸಿದರೂ, ಅವಳಿಗೆ ಹೇಳು.

ಇದನ್ನು ಓದಿದ ಕೂಡಲೇ ಅವಳಿಗೆ ಫೋನು ಮಾಡು. ಮೊನ್ನೆಯಿಂದ ನಾನು ಮಾಡುತ್ತಲೇ ಇದ್ದೇನೆ, ಎತ್ತುತ್ತಿಲ್ಲ. ನೀನು ಮಾಡಿದರೆ ಎತ್ತುತ್ತಾಳೆ.